ಅಂಟುವುದಿಲ್ಲ

ಇಪ್ಪತ್ತೆರಡು ವರ್ಷದಿಂದ ಜನರ ತಲೆ ಬೋಳಿಸುತ್ತಿದ್ದೇನೆ, ಸಲೂನಿನ ಒಳಗೆ ಮಾತ್ರ. ಆ ಕೈಗೇ ಇಸುಬು ಬಂತು. ಬೆರಳ ಸಂದಿಯಲ್ಲಿ ನೀರುಗುಳ್ಳೆ, ಆಮೇಲೆ ಹಾಳು ತುರಿಕೆ, ಆಮೇಲೆ ಚರ್ಮ ಬಿರಿದು ಕತ್ತರಿ ಹಿಡಿದರೆ ಜೀವ ಹೋಗುವಷ್ಟು ಉರಿ.

ತಮ್ಮನೇ ನನ್ನನ್ನು ಚರ್ಮದ ಡಾಕ್ಟರ ಬಳಿಗೆ ಎಳೆದುಕೊಂಡು ಹೋದ. ಮೈಗೆ ಯಾವುದು ಆಗುವುದಿಲ್ಲ ಎಂದು ತಿಳಿಯಲು ಆಕೆ ಬೆನ್ನಿಗೆ ಪರೀಕ್ಷೆಯ ಪಟ್ಟಿ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡಿದರು.

“ಇದ್ರಲ್ಲಿ ಎಷ್ಟೋ ಬಗೆ ಇವೆ. ಮಗುವಾಗಿದ್ದಾಗ್ಲೇ ಶುರುವಾಗೋದು ಒಂದು, ತಲೆಹೊಟ್ಟಿನ ಜೊತೆ ಬರೋದು ಒಂದು, ಕಾಲಲ್ಲಿ ರಕ್ತ ನಿಂತು ಬರೋದು ಇನ್ನೊಂದು. ನಿಮ್ದು ಮುಟ್ಟಿದ್ರಿಂದ ಬಂದಿರೋದು. ಕೂದಲಿಗೆ ಹಚ್ಚೋ ಕಪ್ಪು ಬಣ್ಣ ನಿಮ್ಮ ಮೈಗೆ ಆಗ್ತಿಲ್ಲ.”

“ಬೇರೆಯವರಿಗೆ ಅಂಟುತ್ತಾ?”

“ಯಾವ ಬಗೆಯ ಇಸುಬೂ ಅಂಟಲ್ಲ.”

ಅಷ್ಟನ್ನೇ ಒಂದು ಹಾಳೆಯಲ್ಲಿ ಬರೆಸಿಕೊಂಡು, ಚೌಕಟ್ಟು ಹಾಕಿಸಿ, ಸಲೂನಿನ ಕನ್ನಡಿಯ ಪಕ್ಕ ತೂಗುಹಾಕಿದೆ. ನನ್ನ ಬುದ್ಧಿಗಿಷ್ಟು! ಅಲ್ಲಿಯವರೆಗೆ ನನ್ನ ಕೈ ನೋಡದವರೂ ಅದನ್ನು ಓದಿ ಕೈ ನೋಡಿದರು. ಒಬ್ಬನಂತೂ ಹೊದಿಸಿದ ಬಟ್ಟೆಯನ್ನು ಕಿತ್ತೆಸೆದು, “ಅರ್ಜೆಂಟ್ ಕೆಲಸ ನೆನಪಾಯ್ತು” ಎಂದು ಎದ್ದ.

“ಓದೋಕೆ ಬರುತ್ತೇನ್ರೀ ನಿಮಗೆ? ಅಂಟಲ್ಲ ಅಂತ ತಾನೇ ಬರ್ದಿರೋದು!” ಎಂದು ರೇಗಿದೆ. ರೇಗಿದ್ದು ಕೇಳಿ ಉಳಿದವರೂ ಬರುವುದನ್ನು ಬಿಟ್ಟರು. ಹಾಳೆ ತೆಗೆದೆ, ಬಣ್ಣ ಹಚ್ಚುವುದು ಬಿಟ್ಟೆ, ಮುಲಾಮು ಹಚ್ಚಿದೆ. ಕೈ ಮುಕ್ಕಾಲು ವಾಸಿಯಾಯಿತು. ಕುರ್ಚಿ ಖಾಲಿಯೇ ಉಳಿಯಿತು.

ತಮ್ಮ ಮಾತ್ರ ಬರುವುದನ್ನು ಬಿಡಲಿಲ್ಲ. ಮೀಸೆ ಮೂಡಿದ ದಿನದಿಂದ ಅವನ ಗಡ್ಡ ಹೆರೆದವನು ನಾನೇ. ಅವನಾಗಿ ಬ್ಲೇಡು ಮುಟ್ಟಿದವನಲ್ಲ. “ಅವನೊಬ್ಬ ಬರ್ತಾ ಇರೋವರೆಗೂ ಅಂಗಡಿ ಮುಚ್ಚಲ್ಲ ಕಣೇ” ಎಂದು ಹೆಂಡತಿಗೆ ಹೇಳಿದ್ದೆ.

ಈ ಭಾನುವಾರ ಬೆಳಗ್ಗೆ ಬಂದ. ಕೆನ್ನೆ ಆಗಲೇ ನುಣ್ಣಗಿತ್ತು.

“ಮನೇಲೇ ಮಾಡ್ಕೊಂಡೆ ಅಣ್ಣ. ನಿಂಗೂ ಕೈ ನೋವು, ಸುಮ್ನೆ ಯಾಕೆ ತೊಂದ್ರೆ.”

“ಅಯ್ಯೋ ಪೆದ್ದ, ಎಲ್ಲಾ ಕಡೆ ಕೊಯ್ಕೊಂಡಿದ್ದೀಯಲ್ಲೋ! ಕಿವಿ ಕೆಳಗೆ ಹಾಗೇ ಉಳಿದಿದೆ, ಬಾ ಇಲ್ಲಿ” ಎಂದು ಕೈ ಚಾಚಿದೆ.

ಅವನು ಮುಖವನ್ನು ಹಿಂದಕ್ಕೆಳೆದುಕೊಂಡ. ಮರುಕ್ಷಣ ಅವನಿಗೇ ನಾಚಿಕೆಯಾಯಿತು. ಬಂದು ಕುರ್ಚಿಯಲ್ಲಿ ಕೂತು, ಕಣ್ಣು ಬಿಗಿಯಾಗಿ ಮುಚ್ಚಿ, ಇಂಜೆಕ್ಷನ್ನಿಗೆ ತೋಳು ಕೊಡುವವನಂತೆ ಕೆನ್ನೆ ಒಡ್ಡಿದ. ಅಷ್ಟು ಜನ ಎದ್ದು ಹೋದಾಗಲೂ ಇಷ್ಟು ಸಂಕಟವಾಗಿರಲಿಲ್ಲ.

“ಇರ್ಲಿ ಬಿಡೋ, ಚೆನ್ನಾಗೇ ಇದೆ” ಎಂದೆ.

ಅವನನ್ನು ಕಳಿಸಿ, ಕತ್ತರಿಗಳನ್ನೆಲ್ಲ ತೊಳೆದು ಒರೆಸಿ, ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದೆ.