ಬೈಯುವ ನಂಟು

ದೇಶದ ಅಧ್ಯಕ್ಷನನ್ನು ಎದುರಿಗೇ ಗುಲಾಮ ಎಂದು ಕರೆಯುವ ಹಕ್ಕು ಜೋಳದ ಹೆಂಡ ಮಾರುವ ತೋಯೆ ಅಜ್ಜಿಗಿತ್ತು. ಅವಳು ಸಾಮೊ ಕುಲದವಳು, ಅಧ್ಯಕ್ಷ ಕ್ಯಾಪ್ಟನ್ ತಿಗ ಮೋಸಿ ಕುಲದವನು. ಈ ಎರಡು ಕುಲಗಳದು ತಲೆತಲಾಂತರದ ಬೈಯುವ ನಂಟು. ಬೈಸಿಕೊಂಡವನು ಸಿಟ್ಟಾದರೆ ಅವನ ಮರ್ಯಾದೆಯೇ ಹೋಯಿತು.

ತಿಗ ಚಿಗುರುಮೀಸೆಯ ಸಿಪಾಯಿಯಾಗಿದ್ದಾಗಲೇ ಅವಳ ಸೋರೆಬುರುಡೆಯಲ್ಲಿ ಕುಡಿದವನು. ಬಂದೂಕು ಹಿಡಿದು ಗದ್ದುಗೆ ಏರಿದ ಮೇಲೂ ಹಿಂದಿನವರಂತೆ ಉಬ್ಬಲಿಲ್ಲ. ಮಂತ್ರಿಗಳ ಉದ್ದನೆಯ ಕಾರುಗಳನ್ನು ಮಾರಿಸಿದ, ಅವರಿಗೆ ಊರ ಮಗ್ಗದ ಒರಟು ಬಟ್ಟೆ ತೊಡಿಸಿದ, ತಾನು ಸೈಕಲ್ ತುಳಿದ. ಮನೆಗೊಂದು ಗಿಡ ನೆಡಲೇಬೇಕೆಂದು ಹಟ ಹಿಡಿದ. ಮುಂಗೋಪಿ, ಅವಸರದವನು, ನಿಜ. ಆದರೆ ಅಂಥವನನ್ನು ಆ ನೆಲ ಮತ್ತೆ ಹೆತ್ತಿಲ್ಲ.

ಒಮ್ಮೆ ಸಂತೆಯಲ್ಲಿ ಅವಳು, "ಏನೋ ಗುಲಾಮ, ಕತ್ತೆ ಮಾಂಸ ತಿನ್ನೋನೆ, ನಿನ್ನ ಗಿಡಕ್ಕೆ ನೀರು ಹೊತ್ತು ನನ್ನ ಸೊಂಟ ಬಿದ್ದೋಯ್ತು," ಎಂದಾಗ ಅಂಗರಕ್ಷಕರು ಬಂದೂಕು ಎತ್ತಿದರು. ತಿಗ ನಗುತ್ತಾ ತಡೆದ. "ಇವಳು ಬೈಯೋದು ಬಿಟ್ಟ ದಿನ ನಾನು ಕೆಟ್ಟೆ ಅಂತ ತಿಳ್ಕೊಳ್ಳಿ," ಎಂದ.

ಅವನು ಗದ್ದುಗೆ ಏರಿದ ನಾಲ್ಕನೆಯ ವರ್ಷ, ಜೊತೆಯಲ್ಲಿ ಉಂಡ ಗೆಳೆಯರೇ ಸಭೆಯ ನಡುವೆ ಅವನನ್ನು ಗುಂಡಿಕ್ಕಿ ಕೊಂದರು. ಉಂಡ ಮನೆಗೆ ಎರಡು ಬಗೆದ ಪಾಪಿಗಳು. ಊರಾಚೆ ಹೂತು ಕಾವಲಿಟ್ಟರು. ಅತ್ತವರಿಗೆ ಜೈಲು ಎಂದು ರೇಡಿಯೋ ಸಾರಿತು. ತಿಗನ ಹೆಂಡತಿ ಮಕ್ಕಳು ಗಡಿ ದಾಟಿ ಜೀವ ಉಳಿಸಿಕೊಂಡಿದ್ದರು. ಸಾಮೊ ಕುಲದವರು ಸತ್ತವನನ್ನು ಅಣಕಿಸಿ ಬೈದು, ಅವನ ಮನೆಯವರಿಂದ ಕಾಣಿಕೆ ಪಡೆಯದೆ ಮೋಸಿಯ ಸಾವಿನ ಶಾಸ್ತ್ರ ಮುಗಿಯದು. ತಿಗ ದಿಕ್ಕಿಲ್ಲದವನಂತೆ ಮಣ್ಣಾಗುವುದನ್ನು ತೋಯೆಗೆ ಸಹಿಸಲಾಗಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅವಳು ಹರಕು ಸಿಪಾಯಿ ಟೋಪಿ ಹಾಕಿಕೊಂಡು ಗೋರಿಯತ್ತ ಹೊರಟಳು. ಸಂತೆಯ ಮಂದಿ ದೂರದಿಂದ ಹಿಂಬಾಲಿಸಿದರು.

"ಅಜ್ಜಿ, ಇಲ್ಲಿ ಅಳಂಗಿಲ್ಲ," ಎಂದ ಕಾವಲಿನ ಸಿಪಾಯಿ. ಅವನ ಕೆನ್ನೆಯ ಮೇಲೆ ಮೋಸಿ ಕುಲದ ಗುರುತಿನ ಗೀರುಗಳಿದ್ದವು.

"ಅಳಾಕೆ ಯಾರೋ ಬಂದೋರು? ನನ್ನ ಗುಲಾಮ ಹೇಳದೆ ಕೇಳದೆ ಓಡೋಗವ್ನೆ. ಬೈಯಾಕೆ ಬಂದಿವ್ನಿ. ದಾರಿ ಬಿಡು, ನೀನೂ ನನ್ನ ಗುಲಾಮನೇ."

ಬೈಯಲು ಬಂದ ಸಾಮೊ ಹೆಂಗಸನ್ನು ಮೋಸಿ ತಡೆಯುವಂತಿಲ್ಲ; ಆ ಕಟ್ಟಳೆ ಯಾವ ಸರ್ಕಾರ ಮಾಡಿದ್ದೂ ಅಲ್ಲ. ಅವನು ಪಕ್ಕಕ್ಕೆ ಸರಿದ.

ತೋಯೆ ಎದೆ ಸೆಟೆಸಿ ತಿಗನ ನಡಿಗೆ ನಡೆದಳು, ಅವನಂತೆಯೇ ಗಂಟಲು ಸರಿಮಾಡಿಕೊಂಡು ಭಾಷಣ ಬಿಗಿದಳು. ಅರಮನೆ ಸಿಕ್ಕರೂ ಹಳೇ ಸೈಕಲ್ಲೊಂದನ್ನು ಬಿಟ್ಟು ಏನೂ ಮಾಡಿಕೊಳ್ಳದ ಕೈಲಾಗದವ, ದಡ್ಡ ಶಿಖಾಮಣಿ ಎಂದು ಬೈದಳು. ಜನ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಆದರೆ ಬೈಯುವವಳು ಅಳಬಾರದು. ಹಲ್ಲು ಕಚ್ಚಿಕೊಂಡು ಗೋರಿಯ ಮೇಲೆ ಮಲಗಿಬಿಟ್ಟಳು.

"ಇವನ ಮನೆಯೋರು ಕಾಣಿಕೆ ಕೊಡೋಗಂಟ ಏಳಾಕಿಲ್ಲ. ಯಾರಿದ್ದೀರಿ ಇವನ ಮನೆಯೋರು?"

ಕೊಟ್ಟರೆ ತಿಗನ ಬಂಧು ಎಂದು ಒಪ್ಪಿಕೊಂಡ ಹಾಗೆ. ಯಾರೂ ಅಲುಗಲಿಲ್ಲ. ಬಿಸಿಲು ನೆತ್ತಿಗೇರಿತು.

ಕೊನೆಗೆ ಆ ಸಿಪಾಯಿಯೇ ಬಂದೂಕನ್ನು ಬೆನ್ನಿಗೆ ಸರಿಸಿ, ಜೇಬಿನಿಂದ ಅಡಿಕೆಯಂತೆ ಜಗಿಯುವ, ಕಾಣಿಕೆಗೂ ಸಲ್ಲುವ ಕೋಲಾ ಬೀಜವೊಂದನ್ನು ತೆಗೆದು ಅವಳ ಅಂಗೈಯಲ್ಲಿಟ್ಟ. ಅವನ ಹಿಂದೆ ಒಣಮೀನು ಮಾರುವವಳು ಬಂದು ನಿಂತಳು, ಅವಳ ಹಿಂದೆ ಮಗ್ಗದವನು. ಸಾಲು ಸಂತೆಯವರೆಗೂ ಬೆಳೆಯಿತು.