ಹನ್ನೆರಡು ಮಂದಿಯ ಗಿಡ

"ಜಿರಾಫೆ ಗಿಡದ ತುದಿಯ ಚಿಗುರನ್ನೇ ತಿನ್ನುತ್ತದೆ," ಎಂದು ಮಧುಶ್ರೀ ಮೈಕಿನಲ್ಲಿ ಹೇಳಿದ್ದೇ ತಡ, ಮೈಸೂರು ಮೃಗಾಲಯದ ಕಟಕಟೆಗೆ ಒರಗಿ ನಿಂತಿದ್ದವರು ನಕ್ಕ ನಗೆಗೆ ಚಾಮುಂಡಿ ಬೆಟ್ಟ ಎರಡು ಗೇಣು ಹಿಂದೆ ಸರಿಯಿತು. ಸುಳ್ಳೆನಿಸಿದರೆ ಹೋಗಿ ಅಳೆದು ನೋಡಬಹುದು.

"ಗಿಡದ್ದಾ?" ಎಂದ ಬಿಳಿ ಟೋಪಿಯ ದಢೂತಿ ಮನುಷ್ಯ. "ಅಷ್ಟುದ್ದ ಕತ್ತಿಟ್ಕೊಂಡು ತುಳಸಿ ಗಿಡ ಮೇಯೋಕೆ ಬಗ್ಗುತ್ತೇನಮ್ಮಾ?"

ಮಧುಶ್ರೀಯ ಮುಖ ಸವಣೂರಿನ ಖಾರದ ಪುಡಿಯಷ್ಟು ಕೆಂಪಾಯಿತು. ಆರು ದಿನದಿಂದ ಅವಳು 'ಮರ, ಮರ' ಎಂದು ಹೇಳಿಕೊಂಡೇ ಹಲ್ಲುಜ್ಜುತ್ತಿದ್ದಳು. ಅವಳ ಊರು ಸವಣೂರಿನಲ್ಲಿ ಆಲದ್ದೂ ಗಿಡವೇ, ಬೇವಿನದ್ದೂ ಗಿಡವೇ. ಇಲ್ಲಿ ಗಿಡವೆಂದರೆ ಮೊಣಕಾಲುದ್ದದ್ದು. ಇಂದು ಮುಂದಿನ ಸಾಲಿನಲ್ಲಿ ಅಪ್ಪ ಗುಡ್ಡಪ್ಪ, ಅವ್ವ ಶಾರವ್ವ ಬಂದು ನಿಂತದ್ದನ್ನು ಕಂಡೊಡನೆ ಬಾಯಿ ಊರಿಗೆ ಹೋಗಿಬಿಟ್ಟಿತ್ತು.

ಮೇಲ್ವಿಚಾರಕರು ಮೊದಲ ದಿನವೇ ಹೇಳಿದ್ದರು: "ಏಳು ದಿನ ನೋಡ್ತೀನಿ. ಜನ ನಿಂತು ಕೇಳಿದ್ರೆ ಪ್ರಾಣಿಗಳ ಬಗ್ಗೆ ಹೇಳೋ ಈ ಕೆಲಸ ನಿಮ್ಮದು. ಚದುರಿದ್ರೆ ಬೇರೆಯವರು." ಇಂದು ಏಳನೆಯ ದಿನ. ಜನ ಆಗಲೇ ಚಿಂಪಾಂಜಿಯ ಕಡೆಗೆ ಹೆಜ್ಜೆ ಹಾಕಿದ್ದರು. ಮೇಲ್ವಿಚಾರಕರು ಪುಸ್ತಕ ತೆರೆದು ಪೆನ್ನಿನ ಕ್ಯಾಪು ಕಚ್ಚಿ ತೆಗೆದರು.

"ಏ, ನಿಂದರ್ರಿ!"

ಗುಡ್ಡಪ್ಪನ ಕೂಗದು. ಅವನು ಸವಣೂರಿನ ಸಂತೆಯಲ್ಲಿ ವೀಳ್ಯದೆಲೆ ಕೂಗಿದರೆ ಮೈಲಿಗಟ್ಟಲೆ ದೂರದ ಹತ್ತಿಮತ್ತೂರಿನಲ್ಲಿ ಮಲಗಿದ ಎಮ್ಮೆಗಳು ಎದ್ದು ನಿಲ್ಲುತ್ತವೆ. ಇಲ್ಲಿ ಹುಲಿಯೇ ಎದ್ದು ನಿಂತಿತು, ಮನುಷ್ಯರದೇನು ಪಾಡು!

"ನಗೂದು ಆಮ್ಯಾಲ ನಗ್ರಿ. ಗಿಡ ಅಂದ್ರ ಏನ್ ತಿಳದೀರಿ? ನಮ್ಮ ಸವಣೂರಾಗ ದೊಡ್ಡ ಹುಣಸಿ ಗಿಡ ಅದಾವ. ಒಂದಕ್ಕ ತೆಕ್ಕಿ ಹಾಯಬೇಕಂದ್ರ ನಲವತ್ತು ಮಂದಿ ಕೈ ಕೈ ಹಿಡೀಬೇಕು, ನಲವತ್ತು!"

ಶಾರವ್ವ ಅವನ ಅಂಗಿ ಜಗ್ಗಿದಳು. "ಬಾಯಿ ಮುಚ್ರಿ, ಮಗಳ ಕೆಲಸಕ್ಕ ಕಲ್ಲು ಹಾಕ್ತೀರಿ! ನಲವತ್ತಂತ ನಲವತ್ತು. ಹನ್ನೆರಡು ಮಂದಿ ಸಾಕು ಅದಕ್ಕ."

ನಲವತ್ತಕ್ಕೆ ಯಾರೂ ಹುಬ್ಬೇರಿಸಿರಲಿಲ್ಲ. ಹನ್ನೆರಡು ಎಂದದ್ದಕ್ಕೆ ಟೋಪಿಯವನ ನಗೆ ಅರ್ಧಕ್ಕೇ ನಿಂತಿತು. "ಹನ್ನೆರಡು ಜನಾನಾ? ನಿಜವಾಗ್ಲೂನಾ?"

"ಸುಳ್ಳು ಹೇಳೂದು ಇವ್ರ ಪಾಳಿ, ತಮ್ಮಾ. ನನ್ನದಲ್ಲ," ಎಂದಳು ಶಾರವ್ವ.

ಮಧುಶ್ರೀ ಕೈಯಲ್ಲಿದ್ದ, ಮೈಸೂರು ಮಾತಿನಲ್ಲಿ ಬರೆದ ಹಾಳೆಯನ್ನು ನೋಡಿದಳು. ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕಿದಳು.

"ಬರ್ರಿ, ಗಿಡ ತೋರಸ್ತೇನಿ. ಅಪ್ಪಾ, ನೀ ಬಾಜೂದವರ ಕೈ ಹಿಡಿ. ಟೋಪಿ ಅಣ್ಣಾರ, ನೀವೂ ಬರ್ರಿ. ಕೈ ಚಾಚ್ರಿ, ಇನ್ನೂ ಚಾಚ್ರಿ, ಇದು ತುಳಸಿ ಅಲ್ರಿ!"

ಈಗಿನ ನಗೆ ಬೇರೆ ಥರದ್ದು. ಚಿಂಪಾಂಜಿಯ ಕಡೆಗೆ ಹೋದವರೂ ತಿರುಗಿ ಬಂದರು. ಅವರ ಹಿಂದೆ ಅರ್ಧ ಮೈಸೂರು ಬಂತು. ಅಂಗಳದ ನಡುವೆ ಕೈಗೆ ಕೈ ಸೇರಿ ದೊಡ್ಡ ದುಂಡು ಬೆಳೆಯಿತು.

"ಹೆಸರಷ್ಟ ಹುಣಸಿ, ಈ ಗಿಡ ಹುಣಸಿ ಅಲ್ರಿ, ನಮ್ಮ ದೇಶದ್ದೂ ಅಲ್ರಿ," ಮಧುಶ್ರೀಯ ಮಾತಿಗೆ ಈಗ ತಡೆಯಿರಲಿಲ್ಲ. "ಈ ಜಿರಾಫಿ ಮುತ್ಯಾರ ಊರಿಂದು, ಆಫ್ರಿಕಾದ್ದು. ಯಾರು ತಂದು ಹಚ್ಚಿದ್ರೋ ಯಾರಿಗೂ ಗೊತ್ತಿಲ್ಲ. ಬ್ಯಾಸಗಿಗಂತ ಹೊಟ್ಟಿ ತುಂಬ ನೀರು ಇಟ್ಕೊಂಡು ನಿಂದರತೈತಿ. ಭಾಷಾ ಬರದ ಊರಿಗೆ ಬಂದು ಎಷ್ಟು ದಪ್ಪ ಆಗೈತಿ ನೋಡ್ರಿ!"

ಎಣಿಸಿದರೆ ದುಂಡಿನಲ್ಲಿ ಹನ್ನೊಂದೇ ಮಂದಿ, ಉಳಿದವರೆಲ್ಲ ಸುತ್ತ ನಿಂತು ನೋಡುವವರು. ಶಾರವ್ವನ ಎಡಗೈ ಗಾಳಿಯಲ್ಲಿ ಖಾಲಿ ಉಳಿದಿತ್ತು. ಅವಳು ಪುಸ್ತಕ ಹಿಡಿದವರತ್ತ ತಿರುಗಿದಳು.

"ಸಾಹೇಬ್ರ, ಒಂದು ಕೈ ಕಡಿಮಿ ಬಿದ್ದೈತ್ರಿ. ಗಿಡ ಸೀಳಿದಂಗ ನಿಂತೈತಿ."

ಮೇಲ್ವಿಚಾರಕರು ಆಚೀಚೆ ನೋಡಿದರು. ಪೆನ್ನಿಗೆ ಕ್ಯಾಪು ಹಾಕಿದರು, ಪುಸ್ತಕವನ್ನು ಕಲ್ಲುಬೆಂಚಿನ ಮೇಲಿಟ್ಟರು, ಬಂದು ಶಾರವ್ವನ ಕೈ ಹಿಡಿದರು.

"ಈಗ ಮ್ಯಾಲ ನೋಡ್ರಿ," ಎಂದಳು ಮಧುಶ್ರೀ. "ಟೊಂಗಿ ಎಲ್ಲೆಲ್ಲಿ ಹೋಗ್ಯಾವು!"

ಹನ್ನೆರಡು ಮಂದಿಯೂ ಏನೂ ಇಲ್ಲದ ಆಕಾಶಕ್ಕೆ ಮುಖವೆತ್ತಿದರು. ಕಟಕಟೆಯಾಚೆ ಜಿರಾಫೆ ಮೆಲುಕು ನಿಲ್ಲಿಸಿ, ಕತ್ತು ಇನ್ನಷ್ಟು ಉದ್ದ ಮಾಡಿ, ಅವರು ನೋಡುತ್ತಿದ್ದ ಕಡೆಗೇ ನೋಡಿತು.