ಮಧ್ಯಾಹ್ನ ಹೋದ ಪೆಟ್ಟಿಗೆಗಳು

ಅಣ್ಣನನ್ನು ಮಣ್ಣುಮಾಡಿ ಬಂದ ಮೈದುನ ಕೈಗೆ ಮೆತ್ತಿದ್ದ ಮಣ್ಣನ್ನೂ ಒದರಿಕೊಳ್ಳದೆ ಜೇನುಪೆಟ್ಟಿಗೆಗಳ ಬಾಯಿಗೆ ಬಟ್ಟೆ ತುರುಕುತ್ತಿದ್ದ. ನೆತ್ತಿ ಸುಡುವ ಬಿಸಿಲು. ಅವಳು ಹಿತ್ತಿಲ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು.

"ತಪ್ಪು ತಿಳ್ಕೋಬೇಡಿ ಅತ್ತಿಗೆ. ಅಣ್ಣನೇ ಹೋದ ಮೇಲೆ ಇವನ್ನ ಇಟ್ಕೊಂಡು ನೀವೇನು ಮಾಡ್ತೀರಿ? ನನ್ನ ತೋಟದಲ್ಲಿ ಹೂವಿದೆ, ಜೇನುಹುಳ ಇಲ್ಲ. ಎರಡು ವರ್ಷದಿಂದ ಒಂದು ಕಾಯಿ ಕಚ್ಚಿಲ್ಲ."

"ನಾಲ್ಕೂ ತಗೊಂಡು ಹೋಗಪ್ಪ. ಹೊರೋಕೆ ಜನ ಹೇಗೂ ಬಂದಿದ್ದಾರಲ್ಲ."

ಪೆಟ್ಟಿಗೆಗಳನ್ನು ಮಾಡಿಕೊಟ್ಟಿದ್ದ ಬಡಗಿ ಗಾಬರಿಯಾದ. "ಈಗಲೇನಾ? ಹುಳ ಎಲ್ಲಾ ಮೇಯೋಕೆ..."

"ನೀವು ನೀರು ಕುಡೀರಿ," ಎಂದು ಅವಳು ಚೊಂಬನ್ನು ಅವನ ಕೈಗಿಟ್ಟಳು. ಬಡಗಿ ಅವಳ ಮುಖ ನೋಡಿ ನೀರು ಕುಡಿದ.

ಮೈದುನ ಪೆಟ್ಟಿಗೆಗೆ ಕಿವಿಯಿಟ್ಟು ಹಿಗ್ಗಿದ. "ಏನು ಸದ್ದು! ತುಂಬಿ ತುಳುಕ್ತಾ ಇದೆ!"

*

ಎರಡು ವರ್ಷದ ಹಿಂದೆಯೂ ಇಂಥದೇ ಮಧ್ಯಾಹ್ನ. ಹೂವಿನ ಮೇಲೆ ಹುಳ ಕೂತಿರುವಾಗಲೇ ಮೈದುನ ತೋಟಕ್ಕೆ ವಿಷ ಹೊಡೆಸುತ್ತಿದ್ದ. ಅವಳ ಗಂಡ ಬೇಲಿಯಾಚೆ ನಿಂತು ಕೈಮುಗಿದಿದ್ದ. "ಸಂಜೆ ಹೊಡಿಯೋ. ಅಷ್ಟೊತ್ತಿಗೆ ಎಲ್ಲಾ ಗೂಡು ಸೇರ್ಕೊಂಡಿರ್ತಾವೆ."

"ಹುಳದ ಅಪ್ಪಣೆ ಕೇಳಿ ನಾನು ಕೆಲಸ ಮಾಡ್ಬೇಕಾ?"

ಮೂವತ್ತರಲ್ಲಿ ಇಪ್ಪತ್ತಾರು ಪೆಟ್ಟಿಗೆಯ ಹುಳ ಸತ್ತವು. ಪೆಟ್ಟಿಗೆ ತೆರೆಯುವ ಮುನ್ನ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ "ನಾನು ಕಣ್ರೋ" ಎನ್ನುತ್ತಿದ್ದ ಮನುಷ್ಯ ಅವತ್ತು ಸತ್ತ ಹುಳಗಳನ್ನು ಮೊರಕ್ಕೆ ಗುಡಿಸಿಕೊಂಡ. ತಮ್ಮನನ್ನು ಒಂದು ಮಾತೂ ಬೈಯಲಿಲ್ಲ. ಅವನ ಪಾಲಿನ ಸಿಟ್ಟನ್ನೂ ಅವಳೇ ಸಾಕಿದಳು.

*

ಮೈದುನನ ಗಾಡಿ ತಿರುವು ದಾಟಿತು. ಬಡಗಿ ತಡೆಯಲಾರದೆ ಹೇಳಿದ: "ಮೇಯೋಕೆ ಹೋದವು ಈ ಜಾಗಕ್ಕೇ ವಾಪಸ್ ಬರ್ತಾವಲ್ಲಮ್ಮ. ಅವನಿಗೆ ಸಿಕ್ಕಿದ್ದು ಅರ್ಧ ಹುಳ."

"ರಾಣೀನೂ ಇಲ್ಲ. ಅವನು ಕೇಳಿದ್ದು ಹುಳ ಗೋಳಾಡೋ ಸದ್ದು."

"ಹೊಸ ರಾಣೀನ ಬೆಳೆಸ್ಕೊಳ್ತಾವೆ."

"ಮೊಟ್ಟೆ ಇದ್ರೆ ತಾನೆ? ತಿಂಗಳೊಪ್ಪತ್ತಲ್ಲಿ ಪೆಟ್ಟಿಗೆ ಖಾಲಿ. ಹೂವು ಉದುರೋದನ್ನ ಕೂತು ನೋಡ್ಲಿ. ಮಾಡಿದ್ದುಣ್ಣೋ ಮಹಾರಾಯ!"

ಬೆಳಿಗ್ಗೆ ಬಂದವನೇ ಮೈದುನ ಹಿತ್ತಿಲಿಗೆ ಹೋಗಿ ಪೆಟ್ಟಿಗೆ ಎಣಿಸಿದ್ದನ್ನು ಅವಳು ಕಂಡಿದ್ದಳು. ಜನರೆಲ್ಲ ಹೆಣದ ಸುತ್ತ ಅಳುತ್ತಿದ್ದಾಗ ಅವಳು ನಾಲ್ಕು ರಾಣಿಯರನ್ನೂ ಮೊಟ್ಟೆ, ಮರಿಗಳಿದ್ದ ಮೇಣದ ಎರಿಗಳನ್ನೂ ಹಳೆಯ ಖಾಲಿ ಪೆಟ್ಟಿಗೆಗಳಿಗೆ ಸಾಗಿಸಿ ಅಡುಗೆಮನೆಯಲ್ಲಿ ಮುಚ್ಚಿಟ್ಟಿದ್ದಳು. ಗಂಡನ ಮುಖವನ್ನು ಕಡೆಯ ಸಲ ನೋಡಲು ಅವಳಿಗೆ ಸಿಕ್ಕಿದ್ದು ಒಂದೇ ಗಳಿಗೆ. ಆ ಸಂಕಟ ಮಾತ್ರ ಉಳಿದುಬಿಟ್ಟಿತು.

ಇಬ್ಬರೂ ಪೆಟ್ಟಿಗೆಗಳನ್ನು ಹಿತ್ತಿಲಿಗೆ ಹೊತ್ತು ತಂದರು. ಕಾಲಿಗೆ ಹಳದಿ ಪರಾಗ ಮೆತ್ತಿಕೊಂಡು ಬಂದ ಹುಳಗಳು ಆಗಲೇ ಪೆಟ್ಟಿಗೆ ಇದ್ದ ಖಾಲಿ ಕಲ್ಲುಗಳ ಮೇಲೆ ಸುತ್ತುತ್ತಿದ್ದವು. ಅವಳು ಮೊದಲ ಪೆಟ್ಟಿಗೆಯನ್ನು ಅದರ ಕಲ್ಲಿನ ಮೇಲಿಟ್ಟು, ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದಳು. ಹುಳಗಳು ಒಂದೊಂದಾಗಿ ಒಳಗೆ ಹೋಗತೊಡಗಿದವು.